ಹಾಟ್ ಟಬ್ ಖರೀದಿ: ಬೆಲೆಯನ್ನು ಬಿಡಿಸಿ ನೋಡಿ ಚೌಕಾಸಿ ಮಾಡುವ ಕ್ರಮ

ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ಹಿತ್ತಿಲಿಗೊಂದು ಹಾಟ್ ಟಬ್ ತರಿಸಲು ಹೊರಟಾಗ, ಯಾವುದನ್ನು ಆರಿಸಬೇಕು ಎಂಬುದಕ್ಕಿಂತ ಎಷ್ಟು ಕೊಡಬೇಕು ಎಂಬುದೇ ದೊಡ್ಡ ತೊಡಕಾಗುತ್ತದೆ. ಮೂರು ಮಳಿಗೆಗಳನ್ನು ಸುತ್ತಿ ಬಂದವರ ಕೈಯಲ್ಲಿ ಮೂರು ಅಂಕಿಗಳಿದ್ದರೂ ಒಂದರಲ್ಲಿ ಸಾಗಣೆ ಸೇರಿರುತ್ತದೆ, ಇನ್ನೊಂದರಲ್ಲಿ ಮೆಟ್ಟಿಲು ಮತ್ತು ಮುಚ್ಚಳ ಸೇರಿರುತ್ತವೆ, ಮತ್ತೊಂದರಲ್ಲಿ ಬರಿಯ ಟಬ್ ಮಾತ್ರ ಇರುತ್ತದೆಯಾದ್ದರಿಂದ ಯಾವುದು ಅಗ್ಗ, ಯಾವುದು ತುಟ್ಟಿ ಎಂದು ಹೇಳುವುದು ಕಷ್ಟವಾಗುತ್ತದೆ. ಊರಿನ ಸಂತೆಯಲ್ಲಿ ತೆಂಗಿನಕಾಯಿಗೂ ಚೌಕಾಸಿ ಮಾಡಿ ಬೆಳೆದವರು, ಅಮೆರಿಕದ ಅಂಗಡಿಗಳಲ್ಲಿ ಚೀಟಿಯ ಮೇಲಿರುವುದೇ ಕೊನೆಯ ಬೆಲೆ ಎಂಬ ರೂಢಿಗೆ ಒಗ್ಗಿಹೋಗಿ, ಚೌಕಾಸಿ ಇಂದಿಗೂ ಉಳಿದಿರುವ ಈ ವ್ಯಾಪಾರದಲ್ಲಿಯೂ ಬಾಯಿ ಬಿಡದೆ ಹಣ ಕಟ್ಟಿ ಬರುವುದುಂಟು. ಬೆಲೆಯೊಳಗೆ ಏನೇನು ಅಡಗಿದೆ ಎಂಬುದನ್ನು ಮೊದಲು ಬಿಡಿಸಿಕೊಂಡು, ಆಮೇಲೆ ಅದನ್ನು ಇಳಿಸುವ ಮಾತಿಗೆ ಇಳಿಯುವ ಕ್ರಮವನ್ನು ಈ ಲೇಖನ ವಿವರಿಸುತ್ತದೆ.

ಹಾಟ್ ಟಬ್ ಎಂದರೇನು

ಹಾಟ್ ಟಬ್ ಸ್ನಾನದ ತೊಟ್ಟಿಯಲ್ಲ. ಸ್ನಾನದ ತೊಟ್ಟಿಯ ನೀರನ್ನು ಪ್ರತಿ ಬಾರಿ ಹೊರಬಿಡಲಾಗುತ್ತದೆ. ಹಾಟ್ ಟಬ್ಬಿನ ನೀರು ಸೋಸುಕ ಮತ್ತು ಕ್ಲೋರಿನ್ ಅಥವಾ ಬ್ರೋಮಿನ್‌ನಂತಹ ಸೋಂಕುನಿವಾರಕಗಳ ನೆರವಿನಿಂದ ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳು ಅದರಲ್ಲಿಯೇ ಉಳಿದು, ಹಗಲಿರುಳೂ ಬಿಸಿಯಾಗಿರುತ್ತದೆ. ಹೀಗಾಗಿ ಇದರ ಖರ್ಚು ಕೊಂಡ ದಿನಕ್ಕೆ ಮುಗಿಯುವುದಿಲ್ಲ. ಜನ ಇದನ್ನು 'ಜಕೂಝಿ' ಎಂದೂ ಕರೆಯುತ್ತಾರಾದರೂ ಅದು ಒಂದು ಕಂಪನಿಯ ಹೆಸರು. ಇಟಲಿಯಿಂದ ಕ್ಯಾಲಿಫೋರ್ನಿಯಾಕ್ಕೆ ವಲಸೆ ಬಂದ ಜಕೂಝಿ ಸಹೋದರರು ವಿಮಾನದ ಪ್ರೊಪೆಲರ್ ಮತ್ತು ಕೃಷಿ ಪಂಪುಗಳನ್ನು ತಯಾರಿಸುತ್ತಿದ್ದರು. ಕುಟುಂಬದ ಮಗುವೊಂದರ ಸಂಧಿವಾತದ ಚಿಕಿತ್ಸೆಗಾಗಿ ರೂಪಿಸಿದ ಪಂಪ್ 1956ರಲ್ಲಿ ಮಾರುಕಟ್ಟೆಗೆ ಬಂದಿತು, 1968ರಲ್ಲಿ ರಾಯ್ ಜಕೂಝಿ ನೀರಿನ ಜೆಟ್‌ಗಳನ್ನು ತೊಟ್ಟಿಯ ಗೋಡೆಯೊಳಗೇ ಅಳವಡಿಸಿದರು. ಜೆಟ್ ಎಂದರೆ ಗಾಳಿ ಬೆರೆತ ನೀರನ್ನು ಒತ್ತಡದಿಂದ ಚಿಮ್ಮಿಸುವ ಕಿರುನಳಿಕೆ. ಇಂದು ಮಾರಾಟವಾಗುವ ಬಹುಪಾಲು ಟಬ್ಬುಗಳು ಅಕ್ರಿಲಿಕ್ ಒಡಲು, ಅದರ ಹಿಂದೆ ಉಷ್ಣರೋಧಕ ನೊರೆ, ಪಂಪ್, ಹೀಟರ್, ನಿಯಂತ್ರಣ ಫಲಕ ಮತ್ತು ದಪ್ಪ ಮುಚ್ಚಳಗಳ ಜೋಡಣೆಯಾಗಿರುತ್ತವೆ.

ಬೆಲೆ ಏಕೆ ಬಗ್ಗುತ್ತದೆ

ಈ ವ್ಯಾಪಾರದಲ್ಲಿ ಚೌಕಾಸಿಗೆ ಎಡೆಯಿರುವುದಕ್ಕೆ ನಾಲ್ಕು ಕಾರಣಗಳಿವೆ. ಇವುಗಳನ್ನು ಅರಿತವರಿಗೆ ಎಲ್ಲಿ ಒತ್ತಿ ಕೇಳಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ಮೊದಲನೆಯದು ಹೋಲಿಕೆಯ ಕೊರತೆ. ಒಂದು ಪ್ರದೇಶದಲ್ಲಿ ಒಂದು ಬ್ರ್ಯಾಂಡನ್ನು ಮಾರುವ ಹಕ್ಕನ್ನು ಕಂಪನಿಗಳು ಬಹುಮಟ್ಟಿಗೆ ಒಬ್ಬನೇ ಡೀಲರನಿಗೆ ಕೊಡುತ್ತವೆಯಾದ್ದರಿಂದ, ಅದೇ ಮಾದರಿಯ ಬೆಲೆಯನ್ನು ಪಕ್ಕದ ಅಂಗಡಿಯಲ್ಲಿ ವಿಚಾರಿಸುವ ಅವಕಾಶ ಕಾರು ಅಥವಾ ಟಿವಿ ಕೊಳ್ಳುವವರಿಗಿರುವಂತೆ ಇಲ್ಲಿರುವುದಿಲ್ಲ. ಎರಡನೆಯದು ಪಟ್ಟಿಬೆಲೆ, ಎಂದರೆ ತಯಾರಕರು ಸೂಚಿಸಿದ ಚಿಲ್ಲರೆ ಬೆಲೆ. ಅದನ್ನು ಎತ್ತರದಲ್ಲಿಟ್ಟು, ವರ್ಷವಿಡೀ 'ರಿಯಾಯಿತಿ ಮಾರಾಟ'ದ ಫಲಕ ತೂಗುಹಾಕುವುದು ಸಾಮಾನ್ಯ. ನಿಜವಾಗಿ ಯಾರಿಗೂ ಮಾರಲು ಉದ್ದೇಶಿಸದ ಹಳೆಯ ಬೆಲೆಯನ್ನು ತೋರಿಸಿ ಕಡಿತ ಸಾರುವುದು ಮೋಸದ ದರಸೂಚನೆ ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿನ ಮಾರ್ಗಸೂಚಿಗಳು ಹೇಳುತ್ತವೆ. ಆದರೂ ಕೊಳ್ಳುವವರಿಗೆ ಸುರಕ್ಷಿತವಾದ ದಾರಿ ಎಂದರೆ 'ಎಷ್ಟು ಕಡಿತ' ಎಂಬ ಪ್ರಶ್ನೆಯನ್ನೇ ಬಿಟ್ಟು 'ಒಟ್ಟು ಎಷ್ಟು' ಎಂದು ಕೇಳುವುದು.

ಮೂರನೆಯದು ಜಾಗದ ಖರ್ಚು. ಏಳಡಿ ಉದ್ದ, ಏಳಡಿ ಅಗಲದ ವಸ್ತು ಮಳಿಗೆಯಲ್ಲಿ ತಿಂಗಳುಗಟ್ಟಲೆ ಕುಳಿತರೆ ಬಾಡಿಗೆಯೂ ಬೆಳೆಯುತ್ತದೆ, ಸಾಲದ ಮೇಲೆ ತರಿಸಿದ ಸರಕಾದರೆ ಬಡ್ಡಿಯೂ ಬೆಳೆಯುತ್ತದೆ. ಹೊಸ ವರ್ಷದ ಮಾದರಿಗಳು ಬರುವ ಹೊತ್ತಿಗೆ ಹಳೆಯದನ್ನು ಸಾಗಿಸಿಬಿಡುವ ಆತುರ ಮಾರುವವನಿಗೇ ಇರುತ್ತದೆ. ನಾಲ್ಕನೆಯದು ಜೊತೆಯ ಸಾಮಾನುಗಳ ಲಾಭ. ಮೆಟ್ಟಿಲು, ಮುಚ್ಚಳ ಎತ್ತುವ ಸಾಧನ, ರಾಸಾಯನಿಕಗಳು, ಹೆಚ್ಚುವರಿ ಸೋಸುಕಗಳು ಅಂಗಡಿಯವನಿಗೆ ಬೀಳುವ ಬೆಲೆಗೂ ಗ್ರಾಹಕ ತೆರುವ ಬೆಲೆಗೂ ಅಂತರ ದೊಡ್ಡದಿರುವ ಕಾರಣ, ನಗದು ಕಡಿತಕ್ಕೆ ತಲೆಯಾಡಿಸದ ಮಾರಾಟಗಾರನೂ ಇವುಗಳನ್ನು ಸೇರಿಸಿಕೊಡಲು ಒಪ್ಪುವುದುಂಟು.

ಈ ನಾಲ್ಕರ ಎದುರು ಇನ್ನೊಂದು ಸಂಗತಿಯನ್ನೂ ನೆನಪಿಡಬೇಕು. ಟಬ್ ಮಾರಿದ ಡೀಲರನೇ ಸಾಮಾನ್ಯವಾಗಿ ವಾರಂಟಿಯ ದುರಸ್ತಿಗೂ ಬರುವವನು. ಮೂರನೆಯ ಚಳಿಗಾಲದಲ್ಲಿ ಪಂಪ್ ನಿಂತಾಗ ಫೋನ್ ಎತ್ತಬೇಕಾದವನು ಅವನೇ ಆದ್ದರಿಂದ, ಅವನ ಅಂಗಡಿ ಬದುಕಿರುವುದು ಕೊಳ್ಳುವವರ ಹಿತವೂ ಹೌದು.

ಬೆಲೆಯ ಹೊರಗಿನ ಖರ್ಚು

ಮಳಿಗೆಯಲ್ಲಿ ಹೇಳುವ ಅಂಕಿಯ ಹೊರಗೆ ನಾಲ್ಕು ಮುಖ್ಯ ಖರ್ಚುಗಳು ಕಾದಿರುತ್ತವೆ.

ಒಂದು, ತಳಪಾಯ. ಅಮೆರಿಕದ ಒಂದು ಗ್ಯಾಲನ್ ನೀರು ಸುಮಾರು 8.34 ಪೌಂಡ್ ತೂಗುತ್ತದೆ. 400 ಗ್ಯಾಲನ್ ಟಬ್ಬಿನ ನೀರೇ 3,336 ಪೌಂಡ್. ಬರಿಯ ಟಬ್ಬಿನ ತೂಕ 800 ಪೌಂಡ್ ಎಂದೂ, ಒಳಗೆ ಕುಳಿತ ಆರು ಜನರ ತೂಕ 900 ಪೌಂಡ್ ಎಂದೂ ಹಿಡಿದರೆ ಒಟ್ಟು ಭಾರ 5,000 ಪೌಂಡನ್ನು ದಾಟುತ್ತದೆ. 49 ಚದರಡಿಯ ಮೇಲೆ ಹರಡಿದಾಗ ಇದು ಚದರಡಿಗೆ ಸುಮಾರು 103 ಪೌಂಡ್ ಆಗುತ್ತದೆ. ಅಮೆರಿಕದ ಮನೆಗಳ ಮರದ ಡೆಕ್ಕುಗಳನ್ನು ಜನ ಮತ್ತು ಪೀಠೋಪಕರಣಗಳ ಭಾರಕ್ಕೆಂದು ಸಾಮಾನ್ಯವಾಗಿ ಚದರಡಿಗೆ 40 ಪೌಂಡಿನ ಲೆಕ್ಕದಲ್ಲಿ ಕಟ್ಟಲಾಗುತ್ತದೆ. ಆದ್ದರಿಂದ ಡೆಕ್ ಮೇಲೆ ಇಡುವುದಾದರೆ ಎಂಜಿನಿಯರರ ತಪಾಸಣೆ, ನೆಲದ ಮೇಲಾದರೆ ಕಾಂಕ್ರೀಟ್ ಹಾಸು ಅಥವಾ ಅದಕ್ಕೆ ಸಮನಾದ ಗಟ್ಟಿ ಸಮತಟ್ಟು ಬೇಕು.

ಎರಡು, ವಿದ್ಯುತ್ ಜೋಡಣೆ. 240 ವೋಲ್ಟಿನ ಟಬ್ಬಿಗೆ ಬಹುಪಾಲು 50 ಆಂಪಿಯರಿನ ಪ್ರತ್ಯೇಕ ಮಾರ್ಗ ಬೇಕಾಗುತ್ತದೆ. ಜೊತೆಗೆ ಜಿಎಫ್‌ಸಿಐ, ಎಂದರೆ ವಿದ್ಯುತ್ ಎಲ್ಲಿಯಾದರೂ ಸೋರಿದರೆ ಕ್ಷಣಮಾತ್ರದಲ್ಲಿ ಹರಿವು ಕಡಿಯುವ ರಕ್ಷಣಾ ಸಾಧನ, ಹಾಗೂ ನೀರಿನ ಅಂಚಿನಿಂದ ಕನಿಷ್ಠ 5 ಅಡಿ ದೂರದಲ್ಲಿ, ಟಬ್ಬಿನಿಂದ ಕಣ್ಣಿಗೆ ಕಾಣುವಂತೆ ಒಂದು ಸ್ವಿಚ್ ಕಡ್ಡಾಯ. ಮನೆಯ ಮುಖ್ಯ ಫಲಕದಿಂದ ಟಬ್ ಎಷ್ಟು ದೂರವೋ ಖರ್ಚು ಅಷ್ಟು ಬೆಳೆಯುತ್ತದೆ. 120 ವೋಲ್ಟಿನ ಟಬ್ಬುಗಳಿಗೆ ಈ ಖರ್ಚು ಕಡಿಮೆಯಾದರೂ ಅವುಗಳ ಹೀಟರ್ ಸಣ್ಣದು. ಜೆಟ್‌ಗಳು ಪೂರ್ಣ ವೇಗದಲ್ಲಿದ್ದಾಗ ಹೀಟರ್ ನಿಲ್ಲುವುದೇ ಹೆಚ್ಚು, ಹಾಗಾಗಿ ಮಿನ್ನೆಸೋಟದಂತಹ ಚಳಿನಾಡಿಗೆ ಅವು ಒಗ್ಗುವುದು ಕಷ್ಟ.

ಮೂರು, ಸಾಗಣೆ. 'ಉಚಿತ ಸಾಗಣೆ' ಎಂಬ ಮಾತಿಗೆ ಕೆಲವೆಡೆ ರಸ್ತೆಯಂಚಿನಲ್ಲಿ ಇಳಿಸಿ ಹೋಗುವುದು ಎಂದಷ್ಟೇ ಅರ್ಥ. ಟಬ್ಬನ್ನು ಮಗ್ಗುಲಿಗೆ ಮಲಗಿಸಿ ತಳ್ಳುಗಾಡಿಯಲ್ಲಿ ಒಯ್ಯುವುದರಿಂದ ಪಕ್ಕದ ಗೇಟಿನ ಅಗಲ, ಮೇಲಿನ ಸೂರಿನ ಎತ್ತರ, ನಡುವಿನ ಮೆಟ್ಟಿಲುಗಳನ್ನು ಮೊದಲೇ ಅಳೆಯಬೇಕು. ದಾರಿ ಇಲ್ಲದಿದ್ದರೆ ಕ್ರೇನ್ ಬಾಡಿಗೆ ಸೇರುತ್ತದೆ.

ನಾಲ್ಕು, ದಿನನಿತ್ಯದ ವಿದ್ಯುತ್. ಯಾರೂ ಇಳಿಯದೆ ಮುಚ್ಚಿಟ್ಟ ಟಬ್ ಬಿಸಿ ಉಳಿಸಿಕೊಳ್ಳಲು ಬಳಸುವ ಶಕ್ತಿಗೆ ನಿಲುಗಡೆ ಬಳಕೆ ಎನ್ನಬಹುದು. ಕ್ಯಾಲಿಫೋರ್ನಿಯಾದಲ್ಲಿ ಮಾರುವ ಟಬ್ಬುಗಳ ಮೇಲೆ ಇದನ್ನು ವಾಟ್‌ಗಳಲ್ಲಿ ತೋರಿಸುವ ಚೀಟಿ ಇರಬೇಕು. ಅಲ್ಲಿಯ ನಿಯಮದಂತೆ 400 ಗ್ಯಾಲನ್ ಟಬ್ಬಿಗೆ ಮಿತಿ ಸುಮಾರು 244 ವಾಟ್. ಬೇರೆ ರಾಜ್ಯದವರೂ ಇದೇ ಅಂಕಿಯನ್ನು ಡೀಲರನಿಂದ ಕೇಳಿ ಪಡೆಯಬಹುದು, ಕ್ಯಾಲಿಫೋರ್ನಿಯಾ ಎನರ್ಜಿ ಕಮಿಷನ್ನಿನ ಸಾರ್ವಜನಿಕ ಪಟ್ಟಿಯಲ್ಲಿ ಹುಡುಕಲೂಬಹುದು. ಒಂದು ವಾಟ್ ಹಗಲಿರುಳೂ ಉರಿದರೆ ವರ್ಷಕ್ಕೆ 8.76 ಯೂನಿಟ್ ಆಗುತ್ತದೆ ಎಂಬ ಸುಲಭ ಸೂತ್ರ ನೆನಪಿದ್ದರೆ ಸಾಕು, ಎರಡು ಟಬ್ಬುಗಳ ಅಂತರವನ್ನು ಅಂಗಡಿಯಲ್ಲಿ ನಿಂತೇ ಲೆಕ್ಕ ಹಾಕಬಹುದು.

ಲೆಕ್ಕದ ಒಂದು ಮಾದರಿ

ವಿಷಯ ಸ್ಪಷ್ಟವಾಗಲು ಎರಡು ಕಾಲ್ಪನಿಕ ದರಪಟ್ಟಿಗಳನ್ನು ಹೋಲಿಸಬಹುದು. ಮೊದಲ ಮಳಿಗೆ ಟಬ್ಬಿಗೆ 8,995 ಡಾಲರ್ ಹೇಳುತ್ತದೆ. ಸಾಗಣೆಗೆ 500, ಮುಚ್ಚಳ ಎತ್ತುವ ಸಾಧನಕ್ಕೆ 350, ಮೆಟ್ಟಿಲಿಗೆ 250, ಮೊದಲ ಕಂತಿನ ರಾಸಾಯನಿಕಗಳಿಗೆ 150 ಡಾಲರ್ ಬೇರೆಯಾಗಿ ಸೇರಿ ಒಟ್ಟು 10,245 ಆಗುತ್ತದೆ. ಎರಡನೆಯ ಮಳಿಗೆ ಎಲ್ಲವನ್ನೂ ಸೇರಿಸಿ 9,900 ಡಾಲರ್ ಹೇಳುತ್ತದೆ. ಫಲಕ ನೋಡಿದವರಿಗೆ 905 ಡಾಲರ್ ತುಟ್ಟಿ ಎನಿಸಿದ ಎರಡನೆಯ ಟಬ್ ವಾಸ್ತವದಲ್ಲಿ 345 ಡಾಲರ್ ಅಗ್ಗ. ಮೊದಲನೆಯದರ ನಿಲುಗಡೆ ಬಳಕೆ 260 ವಾಟ್, ಎರಡನೆಯದರದು 200 ವಾಟ್ ಎಂದಿಟ್ಟುಕೊಂಡರೆ 60 ವಾಟಿನ ಅಂತರ ವರ್ಷಕ್ಕೆ ಸುಮಾರು 526 ಯೂನಿಟ್ ಆಗುತ್ತದೆ. ಯೂನಿಟ್ಟಿಗೆ 30 ಸೆಂಟ್ ದರದಲ್ಲಿ ಅದು ವರ್ಷಕ್ಕೆ ಸುಮಾರು 158 ಡಾಲರ್, ಹತ್ತು ವರ್ಷಕ್ಕೆ ಸುಮಾರು 1,580 ಡಾಲರ್. ಚೀಟಿಯ ಅಂಕಿ ಪ್ರಯೋಗಾಲಯದ ನಿಗದಿತ ಹವೆಯಲ್ಲಿ ಅಳೆದದ್ದಾದ್ದರಿಂದ ಕೊರೆಯುವ ಚಳಿಯಲ್ಲಿ ಬಳಕೆ ಇನ್ನೂ ಹೆಚ್ಚುತ್ತದೆ. ಮಾರಾಟ ತೆರಿಗೆ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾದ್ದರಿಂದ ಅದನ್ನು ಎರಡೂ ಕಡೆ ಸಮನಾಗಿ ಸೇರಿಸಿಯೇ ಹೋಲಿಸಬೇಕು.

ಚೌಕಾಸಿಯ ಹತ್ತು ಹೆಜ್ಜೆಗಳು

1. ಅಗತ್ಯವನ್ನು ಬರೆದಿಡುವುದು. ನಿತ್ಯ ಎಷ್ಟು ಜನ ಕೂರುತ್ತಾರೆ, 120 ವೋಲ್ಟ್ ಸಾಕೇ, ಒರಗಿ ಮಲಗುವ ಆಸನ ಬೇಕೇ ಎಂಬುದನ್ನು ಮನೆಯಲ್ಲಿಯೇ ತೀರ್ಮಾನಿಸಿದರೆ, ವರ್ಷಕ್ಕೆರಡು ಬಾರಿ ಬರುವ ಅತಿಥಿಗಳಿಗಾಗಿ ಎಂಟು ಜನರ ಟಬ್ ಕೊಳ್ಳುವ ಪ್ರಮೇಯ ತಪ್ಪುತ್ತದೆ. ಬೇಡದ ಸೌಲಭ್ಯದ ಮೇಲೆ ಎಷ್ಟು ಕಡಿತ ದೊರೆತರೂ ಅದು ನಷ್ಟವೇ.

2. ತಳಪಾಯ ಮತ್ತು ವಿದ್ಯುತ್ ಜೋಡಣೆಯ ಅಂದಾಜು ಮೊದಲು ಪಡೆಯುವುದು. ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ ಮತ್ತು ಕಾಂಕ್ರೀಟ್ ಗುತ್ತಿಗೆದಾರರಿಂದ ಬರೆಹದಲ್ಲಿ ಅಂದಾಜು ಬಂದ ಮೇಲೆ, ಒಟ್ಟು ಬಜೆಟ್ಟಿನಲ್ಲಿ ಟಬ್ಬಿಗೆ ಉಳಿಯುವ ಹಣ ಎಷ್ಟೆಂಬುದು ಖಚಿತವಾಗುತ್ತದೆ. ನಗರಾಡಳಿತದ ಅನುಮತಿ ಮತ್ತು ಬಡಾವಣೆಯ ಗೃಹಮಾಲೀಕರ ಸಂಘದ ನಿಯಮಗಳನ್ನೂ ಈ ಹಂತದಲ್ಲಿಯೇ ವಿಚಾರಿಸಬೇಕು.

3. ಅಳತೆಗೋಲಾಗಿ ಒಂದು ಸ್ಥಿರಬೆಲೆ ಇಟ್ಟುಕೊಳ್ಳುವುದು. ಕಾಸ್ಟ್ಕೊದಂತಹ ಸದಸ್ಯತ್ವದ ಮಳಿಗೆಗಳು ಹಾಟ್ ಟಬ್ಬುಗಳನ್ನು ಚೌಕಾಸಿಯಿಲ್ಲದ ಬೆಲೆಗೆ ಮಾರುತ್ತವೆ. ಅಲ್ಲಿ ಕೊಳ್ಳದಿದ್ದರೂ ಅದೇ ಗಾತ್ರದ, ಅಷ್ಟೇ ಪಂಪುಗಳ ಟಬ್ಬಿನ ಬೆಲೆ ಗೊತ್ತಿದ್ದರೆ, ಡೀಲರ್ ಕೇಳುವ ಹೆಚ್ಚುವರಿ ಹಣ ಅವನ ಸ್ಥಳೀಯ ಸೇವೆಗೆ ತಕ್ಕುದೇ ಎಂದು ತೂಗಿ ನೋಡಬಹುದು.

4. ನೀರಿನಲ್ಲಿ ಕುಳಿತು ನೋಡುವುದು. ಮಳಿಗೆಗಳು ತುಂಬಿಸಿಟ್ಟ ಟಬ್ಬಿನಲ್ಲಿ ಗ್ರಾಹಕರನ್ನು ಕೂರಿಸುವ ವ್ಯವಸ್ಥೆಗೆ ವೆಟ್ ಟೆಸ್ಟ್ ಎನ್ನುತ್ತಾರೆ. ಮೊದಲೇ ಸಮಯ ಗೊತ್ತುಮಾಡಿಕೊಂಡು, ಈಜುಡುಗೆ ಒಯ್ದು ಕುಳಿತು ನೋಡಿದಾಗ, ಕುಳ್ಳಗಿನವರಿಗೆ ನೀರು ಗಲ್ಲದವರೆಗೆ ಬರುತ್ತದೆಯೇ, ಒರಗುವ ಆಸನದಲ್ಲಿ ದೇಹ ತೇಲುತ್ತದೆಯೇ, ಪಂಪಿನ ಸದ್ದು ಎಷ್ಟು ಎಂಬುದೆಲ್ಲ ತಿಳಿಯುತ್ತದೆ. ಅಂದೇ ಕೊಳ್ಳುವ ಕಟ್ಟುಪಾಡು ಇದಕ್ಕಿಲ್ಲ.

5. ಸಾಲುಸಾಲಾಗಿ ಬಿಡಿಸಿದ ದರಪಟ್ಟಿ ಕೇಳುವುದು. ಮಾದರಿಯ ಹೆಸರು, ತಯಾರಾದ ವರ್ಷ, ಮುಚ್ಚಳ, ಮೆಟ್ಟಿಲು, ಸಾಗಣೆ ಎಲ್ಲಿಯವರೆಗೆ, ತೆರಿಗೆ, ಹಳೆಯ ಟಬ್ ಒಯ್ಯುವ ಶುಲ್ಕ ಎಲ್ಲವೂ ಬರೆಹದಲ್ಲಿರಬೇಕು. ಕೊಡಲು ಹಿಂಜರಿಯುವ ಮಳಿಗೆಯನ್ನು ಪಟ್ಟಿಯಿಂದ ಬಿಡುವುದೇ ಲೇಸು. ಕನಿಷ್ಠ ಮೂವರು ಡೀಲರುಗಳಿಂದ ಪಡೆದ ಪಟ್ಟಿಗಳನ್ನು ಮೇಲಿನ ಮಾದರಿಯಂತೆ ಒಂದೇ ಹಾಳೆಯಲ್ಲಿ ಇಳಿಸಿದರೆ ಹೋಲಿಕೆ ಸುಲಭವಾಗುತ್ತದೆ.

6. ಸಮಯ ನೋಡಿ ಹೋಗುವುದು. ಹೊಸ ಮಾದರಿಗಳು ಬರುವ ಮುನ್ನ, ತಿಂಗಳ ಕೊನೆಯ ದಿನಗಳಲ್ಲಿ, ಅಥವಾ ಮಳಿಗೆ ಜಾಗ ಖಾಲಿ ಮಾಡುವಾಗ ಮಾತು ಬೇಗ ಕುದುರುತ್ತದೆ. ಪ್ರದರ್ಶನಕ್ಕಿಟ್ಟ ಟಬ್ಬನ್ನು ಕೊಳ್ಳುವುದಾದರೆ ಅದರಲ್ಲಿ ನೀರು ತುಂಬಿತ್ತೇ ಎಂದು ಕೇಳಿ, ವಾರಂಟಿ ಕೊಂಡ ದಿನದಿಂದಲೇ ಆರಂಭವಾಗುತ್ತದೆ ಎಂಬುದನ್ನು ಬರೆಸಿಕೊಳ್ಳಬೇಕು.

7. ಒಟ್ಟು ಬೆಲೆಯೊಂದನ್ನೇ ಮುಂದಿಟ್ಟು ಮಾತಾಡುವುದು. ತಿಂಗಳ ಕಂತು ಎಷ್ಟು ಎಂಬ ಕಡೆಗೆ ಮಾತು ತಿರುಗಿದರೆ ಬೆಲೆ ಮರೆಯಾಗುತ್ತದೆ. "ಸಾಗಣೆ, ಮುಚ್ಚಳದ ಸಾಧನ, ಮೆಟ್ಟಿಲು, ತೆರಿಗೆ ಎಲ್ಲ ಸೇರಿ ಇಷ್ಟಕ್ಕೆ ಕೊಡುವುದಾದರೆ ಇಂದೇ ಮುಂಗಡ ಕೊಡಲು ಸಿದ್ಧ" ಎಂಬಂತಹ ಒಂದು ವಾಕ್ಯವನ್ನು ವಿನಯದಿಂದ ಹೇಳಿ ಉತ್ತರಕ್ಕಾಗಿ ಕಾಯಬೇಕು. ಮೌನ ಸಹಿಸಲಾರದೆ ತಾವೇ ಅಂಕಿ ಏರಿಸಿಕೊಳ್ಳುವುದು ಹಲವರ ದೌರ್ಬಲ್ಯ. ಹೇಳುವ ಅಂಕಿಗೆ ಬೇರೆ ದರಪಟ್ಟಿಯ ಅಥವಾ ಸ್ಥಿರಬೆಲೆಯ ಆಧಾರವಿದ್ದರೆ ಅದು ಬೇಡಿಕೆಯಾಗಿ ಕೇಳಿಸದೆ ಲೆಕ್ಕವಾಗಿ ಕೇಳಿಸುತ್ತದೆ.

8. ಬೆಲೆ ನಿಂತಲ್ಲಿ ಸಾಮಾನು ಕೇಳುವುದು. ಅಂಕಿ ಇನ್ನು ಇಳಿಯದು ಎಂದು ಕಂಡಾಗ ಇನ್ನೊಂದು ಜೊತೆ ಸೋಸುಕ, ಆರು ತಿಂಗಳ ರಾಸಾಯನಿಕ, ಮೊದಲ ಬಾರಿಯ ನೀರು ಬದಲಾವಣೆ ಇವುಗಳ ಕಡೆಗೆ ಮಾತು ತಿರುಗಿಸಬೇಕು. ನೆರೆಯ ಇಬ್ಬರು ಮೂವರು ಕೊಳ್ಳುವವರಿದ್ದರೆ ಒಂದೇ ದಿನ, ಒಂದೇ ಬೀದಿಗೆ ಸಾಗಿಸುವುದರಿಂದ ಡೀಲರನಿಗೂ ಖರ್ಚು ಉಳಿಯುತ್ತದೆ. ಆ ಉಳಿತಾಯದಲ್ಲಿ ಪಾಲು ಕೇಳುವುದರಲ್ಲಿ ಸಂಕೋಚವಿರಬೇಕಾಗಿಲ್ಲ.

9. ಪಾವತಿಯ ಮಾತನ್ನು ಕೊನೆಗೆ ಇಟ್ಟುಕೊಳ್ಳುವುದು. ಕಾರ್ಡ್ ಪಾವತಿಯ ಮೇಲೆ ಅಂಗಡಿಯವನು ಶುಲ್ಕ ತೆರಬೇಕಾಗುವುದರಿಂದ, ಒಪ್ಪಿದ ಬೆಲೆಯ ಮೇಲೆ ಚೆಕ್ಕಿಗೆ ಮತ್ತಷ್ಟು ಕಡಿತ ಕೇಳಲು ಅವಕಾಶವಿದೆ. ಆದರೆ ವಸ್ತು ಕೈಸೇರದೆ ಹೋದಾಗ ತಕರಾರು ಹೂಡುವ ಕಾನೂನಿನ ರಕ್ಷಣೆ ಕ್ರೆಡಿಟ್ ಕಾರ್ಡಿಗೆ ಹೆಚ್ಚು. ಆದ್ದರಿಂದ ಮುಂಗಡವನ್ನು ಕಾರ್ಡಿನಲ್ಲಿ, ಉಳಿದದ್ದನ್ನು ಟಬ್ ಮನೆಗೆ ಬಂದ ಮೇಲೆ ಚೆಕ್ಕಿನಲ್ಲಿ ಕೊಡುವುದು ನಡುದಾರಿ.

10. ಎದ್ದು ಬರಲು ಸಿದ್ಧರಿರುವುದು. ಹಾಟ್ ಟಬ್ ಇಂದೇ ಬೇಕಾದ ವಸ್ತುವಲ್ಲ. ವಿಳಾಸ ಕೊಟ್ಟು, ಕೃತಜ್ಞತೆ ಹೇಳಿ ಹೊರಟವರಿಗೆ ಎರಡು ಮೂರು ದಿನಗಳಲ್ಲಿ ಮತ್ತೆ ಕರೆ ಬರುವುದು ಅಪರೂಪವಲ್ಲ.

ವಾರಂಟಿಯೂ ಬೆಲೆಯ ಭಾಗ

'ಹತ್ತು ವರ್ಷದ ವಾರಂಟಿ' ಎಂಬ ಮಾತನ್ನು ಕೇಳಿದೊಡನೆ, ಯಾವುದಕ್ಕೆ ಹತ್ತು ವರ್ಷ ಎಂದು ಕೇಳಬೇಕು. ಒಡಲು ಬಿರುಕು ಬಿಡದಿರುವುದಕ್ಕೆ, ಅಕ್ರಿಲಿಕ್ ಮೇಲ್ಮೈಗೆ, ಕೊಳವೆಗಳ ಸೋರಿಕೆಗೆ, ಪಂಪ್ ಮತ್ತು ಹೀಟರ್‌ಗಳಿಗೆ, ಮುಚ್ಚಳಕ್ಕೆ ಬೇರೆಬೇರೆ ಅವಧಿಗಳಿರುತ್ತವೆ. ದೊಡ್ಡ ಅಂಕಿ ಬಹುಮಟ್ಟಿಗೆ ಒಡಲಿಗೆ ಅನ್ವಯಿಸುತ್ತದೆ, ಕೆಡುವುದು ಹೆಚ್ಚಾಗಿ ಪಂಪ್ ಮತ್ತು ವಿದ್ಯುತ್ ಭಾಗಗಳು. ಬಿಡಿಭಾಗದ ಜೊತೆಗೆ ಕೂಲಿಯೂ ಸೇರಿದೆಯೇ, ರಿಪೇರಿಯವನು ಮನೆಗೆ ಬರುವುದಕ್ಕೆ ಪ್ರತ್ಯೇಕ ಶುಲ್ಕವಿದೆಯೇ, ವರ್ಷ ಕಳೆದಂತೆ ಪರಿಹಾರದ ಮೊತ್ತ ಇಳಿಯುತ್ತದೆಯೇ, ಮನೆ ಬದಲಿಸಿದರೆ ವಾರಂಟಿ ಉಳಿಯುತ್ತದೆಯೇ ಎಂಬ ನಾಲ್ಕು ಪ್ರಶ್ನೆಗಳಿಗೆ ಬರೆಹದಲ್ಲಿ ಉತ್ತರ ಸಿಗಬೇಕು. 1975ರ ಮ್ಯಾಗ್ನುಸನ್–ಮಾಸ್ ವಾರಂಟಿ ಕಾಯಿದೆ ಮತ್ತು ಅದರಡಿಯ ನಿಯಮಗಳಂತೆ ಲಿಖಿತ ವಾರಂಟಿಯನ್ನು 'ಪೂರ್ಣ' ಅಥವಾ 'ಸೀಮಿತ' ಎಂದು ಹೆಸರಿಸಬೇಕು, ಕೊಳ್ಳುವ ಮೊದಲೇ ಓದಲು ಒದಗಿಸಬೇಕು. ಆದ್ದರಿಂದ ಸಹಿಗೆ ಮುನ್ನವೇ ಅದನ್ನು ಕೇಳಿ ಓದುವುದು ಗ್ರಾಹಕರ ಹಕ್ಕಿನೊಳಗಿನ ಮಾತು.

ಎಚ್ಚರಿಕೆಗಳು

ಪ್ರದರ್ಶನ ಮೇಳಗಳಲ್ಲಿ ಹೆಚ್ಚಿನ ಜಾಗ್ರತೆ ಬೇಕು. ಜಾತ್ರೆ ಮೈದಾನ, ಸಮಾವೇಶ ಭವನ, ಹೋಟೆಲಿನ ಸಭಾಂಗಣಗಳಲ್ಲಿ ವಾರಾಂತ್ಯಕ್ಕೆಂದು ಬಂದು ಮಾರುವವರು 'ಇಂದಿನ ಬೆಲೆ ಇಂದಿಗೆ ಮಾತ್ರ' ಎನ್ನುವುದು ಹೋಲಿಕೆಗೆ ಬಿಡುವು ಕೊಡದಿರುವ ತಂತ್ರ. ಇಂತಹ ತಾತ್ಕಾಲಿಕ ಜಾಗಗಳಲ್ಲಿ ನಡೆದ 130 ಡಾಲರ್ ಅಥವಾ ಅದಕ್ಕಿಂತ ಹೆಚ್ಚಿನ ಖರೀದಿಯನ್ನು, ಗ್ರಾಹಕರ ಮನೆಯಲ್ಲಿ ನಡೆದರೆ 25 ಡಾಲರ್ ಅಥವಾ ಅದಕ್ಕಿಂತ ಹೆಚ್ಚಿನದನ್ನು, ಮೂರನೆಯ ಕೆಲಸದ ದಿನದ ನಡುರಾತ್ರಿಯವರೆಗೆ ರದ್ದು ಮಾಡಬಹುದು ಎಂದು ಫೆಡರಲ್ ಟ್ರೇಡ್ ಕಮಿಷನ್ನಿನ ಕೂಲಿಂಗ್-ಆಫ್ ನಿಯಮ ಹೇಳುತ್ತದೆ. ಶನಿವಾರವೂ ಈ ಲೆಕ್ಕದಲ್ಲಿ ಕೆಲಸದ ದಿನ. ರದ್ದತಿಯ ನಮೂನೆಯ ಎರಡು ಪ್ರತಿಗಳನ್ನು ಮಾರಿದವರು ಕೊಡಬೇಕು. ಮಾರಾಟಗಾರರ ಶಾಶ್ವತ ಮಳಿಗೆಯಲ್ಲಿ ನಡೆದ ವ್ಯಾಪಾರಕ್ಕೆ, ಅಥವಾ ಪೂರ್ಣವಾಗಿ ಫೋನ್ ಇಲ್ಲವೇ ಅಂತರ್ಜಾಲದಲ್ಲಿ ಮುಗಿದ ಖರೀದಿಗೆ ಈ ನಿಯಮ ಅನ್ವಯಿಸುವುದಿಲ್ಲ. ಮಳಿಗೆಯಲ್ಲಿ ಸಹಿ ಹಾಕುವವರು ಯೋಚನೆಯನ್ನೆಲ್ಲ ಸಹಿಗೆ ಮುನ್ನವೇ ಮುಗಿಸಿಕೊಂಡಿರಬೇಕು.

'ಬಡ್ಡಿಯಿಲ್ಲದ ಕಂತು' ಎಂಬ ಯೋಜನೆಗಳಲ್ಲಿ ಮುಂದೂಡಿದ ಬಡ್ಡಿಯವು ಅಪಾಯಕರ. ನಿಗದಿತ ಅವಧಿಯೊಳಗೆ ಸಾಲ ಪೂರ್ತಿ ತೀರದಿದ್ದರೆ, ಕೊಂಡ ದಿನದಿಂದಲೇ ಲೆಕ್ಕ ಹಾಕಿದ ಬಡ್ಡಿಯನ್ನು ಒಟ್ಟಿಗೆ ಹೇರಲಾಗುತ್ತದೆ. ಮುಂಗಡ ಕೊಡುವಾಗ ಅದು ಹಿಂದಿರುಗುತ್ತದೆಯೇ, ಟಬ್ ಹೇಳಿದ ದಿನಕ್ಕೆ ಬರದಿದ್ದರೆ ಏನಾಗುತ್ತದೆ ಎಂಬುದು ಕರಾರಿನಲ್ಲಿರಬೇಕು.

ಸುರಕ್ಷತೆಯ ವಿಷಯದಲ್ಲಿ ಚೌಕಾಸಿ ಸಲ್ಲದು. ನೀರಿನ ಬಿಸಿ 104 ಡಿಗ್ರಿ ಫ್ಯಾರನ್‌ಹೀಟ್, ಎಂದರೆ 40 ಡಿಗ್ರಿ ಸೆಲ್ಸಿಯಸ್ ಮೀರಬಾರದು. ಗರ್ಭಿಣಿಯರು ಮತ್ತು ಹೃದಯದ ತೊಂದರೆಯುಳ್ಳವರು ವೈದ್ಯರನ್ನು ಕೇಳಿಯೇ ಇಳಿಯಬೇಕು. ಮುಚ್ಚಳಕ್ಕೆ ಬೀಗವಿದ್ದು, ಅದು ಎಎಸ್‌ಟಿಎಂ ಎಫ್1346 ಮಾನದಂಡಕ್ಕೆ ಒಪ್ಪುವಂತಿರಬೇಕು. ಮಕ್ಕಳ ರಕ್ಷಣೆಯ ಈ ಮಾನದಂಡವನ್ನು ಪೂರೈಸುವ ಮುಚ್ಚಳವಿದ್ದರೆ ಪ್ರತ್ಯೇಕ ಬೇಲಿ ಬೇಡವೆಂದು ಹಲವು ಊರುಗಳ ಆಡಳಿತ ಒಪ್ಪುವುದರಿಂದ, ಕೆಲವೊಮ್ಮೆ ಇದರಿಂದ ಹಣವೂ ಉಳಿಯುತ್ತದೆ.

ಸಾಮಾನ್ಯ ತಪ್ಪುಗಳು

- ಜೆಟ್‌ಗಳನ್ನು ಎಣಿಸುವುದು. ಅಷ್ಟೇ ಪಂಪಿನ ನೀರನ್ನು ಮೂವತ್ತರ ಬದಲು ಅರವತ್ತು ಜೆಟ್‌ಗಳಿಗೆ ಹಂಚಿದರೆ ಒಂದೊಂದರ ಒತ್ತಡ ಕುಗ್ಗುತ್ತದೆ. ಎಣಿಕೆಗಿಂತ, ಕುಳಿತ ಆಸನದಲ್ಲಿ ಬೆನ್ನಿಗೆ ತಾಗುವ ಒತ್ತು ಮುಖ್ಯ.

- ಕುದುರೆಶಕ್ತಿಯ ಅಂಕಿಯನ್ನು ನಂಬುವುದು. ಒಂದು ಕುದುರೆಶಕ್ತಿ ಎಂದರೆ 746 ವಾಟ್. 240 ವೋಲ್ಟ್, 50 ಆಂಪಿಯರ್ ಮಾರ್ಗದಿಂದ ನಿರಂತರ ಬಳಕೆಗೆ ಶೇಕಡಾ 80ರ ಲೆಕ್ಕದಲ್ಲಿ 9,600 ವಾಟ್, ಎಂದರೆ ಹದಿಮೂರಕ್ಕೂ ಕಡಿಮೆ ಕುದುರೆಶಕ್ತಿ ಮಾತ್ರ ದೊರೆಯುತ್ತದೆ. ಆರು ಕುದುರೆಶಕ್ತಿಯ ಮೂರು ಪಂಪುಗಳು ಒಟ್ಟಿಗೆ ಓಡುತ್ತವೆ ಎಂದರೆ ಆ ಅಂಕಿ ಮೋಟಾರು ಶುರುವಾಗುವ ಕ್ಷಣದ ಗರಿಷ್ಠವಷ್ಟೇ. ನಿರಂತರ ಓಟದ ಅಂಕಿಯನ್ನು ಕೇಳಬೇಕು.

- ಬೆಳಕು, ಧ್ವನಿವರ್ಧಕಗಳಿಗೆ ಮರುಳಾಗುವುದು. ಬಣ್ಣದ ದೀಪ ಮತ್ತು ಸಂಗೀತದ ವ್ಯವಸ್ಥೆಗೆ ಕೊಟ್ಟ ಹಣ ಉಷ್ಣರೋಧಕಕ್ಕೂ ಒಳ್ಳೆಯ ಮುಚ್ಚಳಕ್ಕೂ ಹೋಗಿದ್ದರೆ ತಿಂಗಳ ಬಿಲ್ ಇಳಿಯುತ್ತಿತ್ತು.

- ಬಜೆಟ್ಟನ್ನು ಮೊದಲೇ ಹೇಳಿಬಿಡುವುದು. ಹತ್ತು ಸಾವಿರ ಎಂದವರಿಗೆ ತೋರಿಸುವ ಟಬ್ಬುಗಳೆಲ್ಲ ಹತ್ತು ಸಾವಿರದ ಆಸುಪಾಸಿನವೇ ಆಗಿರುತ್ತವೆ.

- ಬಾಯಿಮಾತಿನ ಭರವಸೆ. ಮಾರಾಟಗಾರ ಕೆಲಸ ಬಿಟ್ಟು ಹೋದ ಮೇಲೆ ಉಳಿಯುವುದು ಕಾಗದವೊಂದೇ.

- ಸೇವೆಯನ್ನು ವಿಚಾರಿಸದಿರುವುದು. ಡೀಲರನ ಬಳಿ ಸ್ವಂತ ರಿಪೇರಿ ಸಿಬ್ಬಂದಿ ಇದ್ದಾರೆಯೇ, ದೂರು ಕೊಟ್ಟ ಎಷ್ಟು ದಿನಕ್ಕೆ ಬರುತ್ತಾರೆ ಎಂಬುದನ್ನು ಅವನ ಹಳೆಯ ಗ್ರಾಹಕರಿಂದಲೇ ತಿಳಿಯಬೇಕು.

ಸಹಿಗೆ ಮುನ್ನ, ಸಹಿಯ ನಂತರ

ಕರಾರಿನಲ್ಲಿ ಮಾದರಿ, ವರ್ಷ, ಬಣ್ಣ, ಸೇರಿದ ಎಲ್ಲ ಸಾಮಾನು, ಸಾಗಣೆಯ ದಿನ ಮತ್ತು ಜಾಗ, ಒಟ್ಟು ಬೆಲೆ, ಮುಂಗಡದ ಷರತ್ತು ಇಷ್ಟೂ ಇವೆಯೇ ಎಂದು ನೋಡಿಯೇ ಸಹಿ ಹಾಕಬೇಕು. ಟಬ್ ಮನೆಗೆ ಬಂದ ದಿನ, ತಂದವರು ಹೊರಡುವ ಮೊದಲು, ಹೊರಮೈಯಲ್ಲಿ ಬಿರುಕು ಅಥವಾ ಗೀರು ಇದೆಯೇ ಎಂದು ಪರೀಕ್ಷಿಸಿ, ಕ್ರಮಸಂಖ್ಯೆಯನ್ನು ಕರಾರಿನೊಡನೆ ತಾಳೆ ನೋಡಿ, ಚಿತ್ರ ತೆಗೆದಿಟ್ಟುಕೊಂಡ ಮೇಲೆಯೇ ಉಳಿದ ಹಣ ಕೊಡುವುದು ಉಚಿತ. ವಾರಂಟಿಯ ನೋಂದಣಿಯನ್ನೂ ಅದೇ ವಾರ ಮುಗಿಸಬೇಕು.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೂ ನ್ಯಾಯವಾದ ಬೆಲೆಗೆ ಒಂದೇ ಅಂಕಿ ಸಿಗದು. ದರಪಟ್ಟಿಯ ಪ್ರತಿ ಸಾಲಿಗೂ ಕಾರಣ ಹೇಳಲು ಮಾರುವವನಿಗೆ ಸಾಧ್ಯವಾಗುವ, ಆ ಕಾರಣಗಳನ್ನು ಕೊಳ್ಳುವವರು ಬೇರೆ ಪಟ್ಟಿಗಳ ಪಕ್ಕದಲ್ಲಿಟ್ಟು ಒಪ್ಪಬಹುದಾದ ಮೊತ್ತವೇ ನ್ಯಾಯವಾದದ್ದು. ಅದಕ್ಕಿಂತ ಕೆಳಗೆ ಹಿಂಡಿದ ನೂರಿನ್ನೂರು ಡಾಲರ್, ಮೂರನೆಯ ಚಳಿಗಾಲದಲ್ಲಿ ಹಿಮ ಸುರಿಯುವ ರಾತ್ರಿ ಪಂಪ್ ನಿಂತು, ಡೀಲರನ ಫೋನ್ ಯಾರೂ ಎತ್ತದೆ ರಿಂಗಣಿಸುತ್ತಿರುವಾಗ ಉಳಿತಾಯವಾಗಿ ತೋರುವುದಿಲ್ಲ.